ಬೇಡಮ್ಮ ಎನ್ನುವ ಹೆಸರು

ಆ ಮನೆಯಲ್ಲಿ ಬಿಸಿ ಊಟ ಎನ್ನುವುದು ಇರಲಿಲ್ಲ. ಒಲೆಯಿಂದ ಇಳಿದದ್ದು ಮೊದಲು ಕಿಟಕಿ ಪಕ್ಕದ ಬಿಳಿ ಮೇಜಿಗೆ ಹೋಗಬೇಕು. ಅಲ್ಲಿ ಅದಕ್ಕೆ ಬೆಳಕು ಬೀಳಬೇಕು, ಅದನ್ನು ಡಬ್ಬಿಗೆ ತುಂಬಬೇಕು, ಮುಚ್ಚಳ ಹಾಕಿ ತೆಗೆದು ಮತ್ತೆ ಹಾಕಬೇಕು. ಫೋನು ಸ್ಟ್ಯಾಂಡಿನಿಂದ ಇಳಿದ ಮೇಲೆಯೇ ಉಳಿದದ್ದು ಮನೆಯವರ ತಟ್ಟೆಗೆ. ಅಷ್ಟು ಹೊತ್ತಿಗೆ ಸೂಪಿನ ಮೇಲೆ ಕೆನೆ ಕಟ್ಟಿರುತ್ತಿತ್ತು, ಮೊಟ್ಟೆ ಕಲ್ಲಾಗಿರುತ್ತಿತ್ತು. ಮನೆಯ ಯಜಮಾನ ಲಿಫ್ಟ್ ಮೆಕ್ಯಾನಿಕ್. ಬೇರೆಯವರನ್ನು ಮೇಲೆ ಕೆಳಗೆ ಓಡಾಡಿಸುವುದರಲ್ಲೇ ಅವನ ಹಗಲು ಕಳೆಯುತ್ತಿತ್ತು. ಮನೆಗೆ ಬಂದರೆ ಕೊಟ್ಟದ್ದನ್ನು ಕೊಟ್ಟ ಹಾಗೆ ಉಂಡು ಏಳುವವನು.

ಮನೆಯಾಕೆಗೆ ಊರೆಲ್ಲ ಡಬ್ಬಿಯಮ್ಮ ಎಂದೇ ಹೆಸರು. ಮಗಳು ಶಾಲೆಗೆ ಸೇರಿದ ವರ್ಷ, ಅವಳ ಊಟದ ಡಬ್ಬಿಗೆ ದಿನಾ ಏನು ಹಾಕುತ್ತೇನೆ ಎಂಬುದನ್ನು ವಿಡಿಯೋ ಮಾಡಿ ಹಾಕಲು ಶುರುಮಾಡಿದ್ದಳು. ಮೊದಮೊದಲು ನೋಡುತ್ತಿದ್ದವರು ಅವಳ ತಂಗಿ, ತಂಗಿಯ ಓರಗಿತ್ತಿ, ಕೆಳಗಿನ ಮನೆಯ ಟೀಚರು, ಅಷ್ಟೇ. ಆಮೇಲೆ ಒಂದು ವಿಡಿಯೋ ಬಂತು. ಯೂನಿಫಾರ್ಮ್ ಹಾಕಿದ ಐದು ವರ್ಷದ ಹುಡುಗಿ, ಎದುರಿಗೆ ಬಾಯಿ ತೆರೆದ ಡಬ್ಬಿ, ಕಣ್ಣಲ್ಲಿ ಮೂಗಲ್ಲಿ ನೀರು. ಎರಡೂ ಕೈ ಮುಂದೆ ಚಾಚಿ "ಬೇಡಮ್ಮಾ... ಬೇಡಾ..." ಎಂದು ಅಳುತ್ತಾಳೆ. ಜನ ಬಿದ್ದು ಬಿದ್ದು ನಕ್ಕರು. ಅದಕ್ಕೆ ತಾಳ ಹಾಕಿದರು. ಮದುವೆಗೆ, ಪರೀಕ್ಷೆಗೆ, ಸೋಮವಾರದ ಬೆಳಗಿಗೆ, ಎಲ್ಲಕ್ಕೂ ಆ ಮಗುವಿನ ಮುಖ ಅಂಟಿಸಿದರು. ಡಬ್ಬಿಯಮ್ಮನ ಚಾನೆಲ್ ಅಲ್ಲಿಂದ ಏಣಿ ಹತ್ತಿತು. ಈಗಿನ ಮನೆಯ ಬಾಡಿಗೆ, ಎರಡು ಬಾಗಿಲಿನ ಫ್ರಿಜ್ಜು, ಅತ್ತೆಯ ಮೊಣಕಾಲಿನ ಆಪರೇಷನ್ನು, ಎಲ್ಲ ಬಂದದ್ದು ಅದರಿಂದಲೇ.

ಹುಡುಗಿ ಮನೆಯಲ್ಲಿ ಪುಟ್ಟಿ, ಬೀದಿಯಲ್ಲಿ ಬೇಡಮ್ಮ. ಅವಳ ನಿಜವಾದ ಹೆಸರನ್ನು ಯಾರಾದರೂ ಫೋನಿನಲ್ಲಿ ಹುಡುಕಿದರೆ ಮೇಲಿನಿಂದ ಕೆಳಗಿನವರೆಗೂ ಅದೇ ಅಳುಮುಖ. ಖುಷಿಯ ಭರದಲ್ಲಿ ತಾಯಿಯೇ ಪ್ರತಿ ವಿಡಿಯೋದ ಕೆಳಗೂ ಮಗಳ ಪೂರ್ತಿ ಹೆಸರು, ತರಗತಿ, ಶಾಲೆ ಎಲ್ಲ ಬರೆದಿದ್ದಳು. ಹಲ್ಲು ಬಿದ್ದದ್ದು, ತಲೆಯಲ್ಲಿ ಹೇನಾದದ್ದು, ಲೆಕ್ಕದಲ್ಲಿ ಫೇಲಾದದ್ದು, ಒಂದನ್ನೂ ಬಿಟ್ಟಿರಲಿಲ್ಲ.

ಪುಟ್ಟಿಗೆ ಈಗ ಹತ್ತೊಂಬತ್ತು. ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ, ಊರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಇಂಟರ್ವ್ಯೂಗೆ ಹೋಗಿ ಬಂದಳು. ಅವಳು ಬಾಗಿಲು ತೆಗೆದಾಗ ಡಬ್ಬಿಯಮ್ಮ ಬೆಂದ ಮೊಟ್ಟೆಯನ್ನು ಎರಡು ಹೋಳು ಮಾಡುತ್ತಿದ್ದಳು. "ಶ್" ಎಂದು ಕೈಯಲ್ಲೇ ತಡೆದಳು. ಮಗಳು ಅಭ್ಯಾಸದಂತೆ ಸ್ಟ್ಯಾಂಡಿನ ಹಿಂದೆ ಗೋಡೆಗೊರಗಿ ನಿಂತಳು.

"ಹೂಂ, ಈಗ ಹೇಳು. ಸಿಕ್ತಾ?"

"ಸಿಕ್ತು."

"ನಾನು ಹೇಳಿರ್ಲಿಲ್ವಾ!" ಅತ್ತೆ ಮಂಚದಿಂದಲೇ ಕೂಗಿದರು. "ನಮ್ಮ ಪುಟ್ಟಿ ಕೈಗೆ ರಕ್ತ ಕೊಡೋಕೆ ಜನ ಸಾಲುಗಟ್ಟಿ ನಿಲ್ತಾರೆ ನೋಡು."

"ಲ್ಯಾಬಲ್ಲಿ ಅಲ್ಲ ಅಜ್ಜಿ. ಮುಂದ್ಗಡೆ ಕೌಂಟರಲ್ಲಿ." ಪುಟ್ಟಿ ಚೀಲ ಇಳಿಸಿದಳು. "ನನ್ನ ಮಾರ್ಕ್ಸ್ ಕಾರ್ಡ್ ತೆಗೆದೇ ನೋಡ್ಲಿಲ್ಲ. ಕಂಪ್ಯೂಟರಲ್ಲಿ ನನ್ನ ಹೆಸರು ಹೊಡೆದ್ರು, ಅದನ್ನ ಎಲ್ಲರ ಕಡೆ ತಿರುಗಿಸಿದ್ರು, ನಕ್ಕರು. ಒಂದ್ಸಲ ಹಾಗೇ ಹೇಳಮ್ಮ ಅಂದ್ರು."

"ಹೇಳಿದ್ಯಾ?" ಅತ್ತೆಗೆ ನಿಜವಾಗಿಯೂ ಕುತೂಹಲ.

"ನೀನು ಹಿಂದ್ಗಡೆ ರೂಮಲ್ಲಿ ಟ್ಯೂಬ್ ತೊಳೀತಾ ಕೂತ್ರೆ ವೇಸ್ಟು, ಮುಂದೆ ಕೂತ್ಕೋ, ನಮ್ಮ ಆಸ್ಪತ್ರೆಗೆ ಪುಟ್ಟ ಪುಟ್ಟ ವಿಡಿಯೋ ಮಾಡ್ಕೊಡು ಅಂದ್ರು. ಇಂಜೆಕ್ಷನ್ ಬೇಡಮ್ಮಾ, ಮಾತ್ರೆ ಬೇಡಮ್ಮಾ ಅಂತ. ಸಂಬಳ ಸ್ವಲ್ಪ ಜಾಸ್ತಿನೇ ಕೊಡ್ತಾರಂತೆ."

"ಜಾಸ್ತಿ ಕೊಡ್ತಾರೆ ಅಂದ್ರೆ ಒಳ್ಳೇದೇ ಅಲ್ವಾ?" ಎಂದಳು ಡಬ್ಬಿಯಮ್ಮ.

ಆ ಹೊತ್ತಿಗೆ ಅವಳ ಬಾಯಿಗೆ ಬಂದದ್ದು ಅದು. ಬೇರೆ ಏನಾದರೂ ಅಂದಿದ್ದರೆ ಆಗುತ್ತಿತ್ತೋ ಏನೋ ಎಂದು ಮುಂದೆ ಎಷ್ಟೋ ಸಲ ಪಾತ್ರೆ ತೊಳೆಯುವಾಗ ಅನ್ನಿಸಿತು.

ಪುಟ್ಟಿ ತಾಯಿಯನ್ನೇ ನೋಡಿದಳು. "ನಂದು ಎಲ್ಲಾ ತೆಗೆದುಹಾಕಮ್ಮ. ಒಂದೂ ಬಿಡದ ಹಾಗೆ."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ."

ಆ ಸಂಜೆ ಗಂಡ ಬರುವಷ್ಟರಲ್ಲಿ ಜಗಳ ಅಡುಗೆಮನೆಯಿಂದ ಹೊರಟು ಊಟದ ಮೇಜಿಗೆ ಬಂದು ಕೂತಿತ್ತು. ಅವನು ಎರಡೂ ಕಡೆಯದನ್ನು ಕೇಳಿ, ಬ್ರೆಡ್ಡು ಮುರಿಯುತ್ತಾ, "ಮುಖ ಮಸುಕು ಮಾಡೋಕೆ ಬರುತ್ತಲ್ಲ? ಹಾಗೆ ಮಾಡ್ಬಿಡು" ಎಂದ.

"ಮುಖ ಮಸುಕು ಮಾಡಿದ್ರೆ ಹೆಸರು? ದನಿ?" ಎಂದಳು ಪುಟ್ಟಿ.

"ಎಲ್ಲಾ ತೆಗೆದ್ರೆ ಚಾನೆಲಲ್ಲಿ ಉಳಿಯೋದೇನು, ಖಾಲಿ ಡಬ್ಬೀನಾ?" ಡಬ್ಬಿಯಮ್ಮನ ದನಿ ಏರಿತು. "ಕೂತು ಉಣ್ತಾ ಇದ್ದೀಯಲ್ಲ, ಈ ಮನೆ ಬಾಡಿಗೆ ಎಲ್ಲಿಂದ ಬರುತ್ತೆ? ನಿನ್ನ ಕೋರ್ಸಿಗೆ ಫೀಸು ಕಟ್ಟಿದ್ದು ಯಾರು?"

"ನನ್ನ ಮುಖ."

ಅತ್ತೆ ತಟ್ಟೆಯನ್ನೇ ನೋಡುತ್ತಾ, "ಉಪ್ಪು ಕಮ್ಮಿಯಾಗಿದೆ" ಎಂದರು.

ಪುಟ್ಟಿ ಆಸ್ಪತ್ರೆಯ ಕೆಲಸ ಒಪ್ಪಲಿಲ್ಲ. ಸ್ಟ್ಯಾಂಡು ನಿಂತಿರುವಷ್ಟು ಹೊತ್ತು ಅಡುಗೆಮನೆಗೆ ಕಾಲಿಡಲಿಲ್ಲ. ತನಗೆ ಬೇಕಾದ್ದನ್ನು ತಾನೇ ಬೇಯಿಸಿಕೊಂಡು, ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ಮೇಲೆ ತಟ್ಟೆಯಿಟ್ಟು ನಿಂತೇ ಉಣ್ಣುತ್ತಿದ್ದಳು. ಅತ್ತೆಗೆ ಇತ್ತ ದರಿ ಅತ್ತ ಪುಲಿ. ಅವರಿಗೆ ವಿಡಿಯೋ ಎಂದರೆ ಪ್ರಾಣ. ತರಕಾರಿಯವನು ಗುರುತು ಹಿಡಿದು ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕುವುದು ಆ ವಿಡಿಯೋದಿಂದಲೇ. ಹಾಗಂತ ಮೊಮ್ಮಗಳನ್ನು ಒಂಟಿಯಾಗಿ ಉಣ್ಣಲು ಬಿಡುವ ಮನಸ್ಸೂ ಇಲ್ಲ. ಒಳ್ಳೆಯ ಶಾಲು ಹೊದ್ದು ಬಿಳಿ ಮೇಜಿನ ಮುಂದೆ ನಾಲ್ಕು ಮಾತಾಡಿ, ಅದೇ ಶಾಲಿನಲ್ಲಿ ತಟ್ಟೆ ಹಿಡಿದು ಬಾಲ್ಕನಿಗೆ ಹೋಗುತ್ತಿದ್ದರು.

"ನಿಮ್ಮಮ್ಮಂದೂ ತಪ್ಪಲ್ಲ ಕಣೇ. ಹೆತ್ತವರಿಗೆ ಹೆಗ್ಗಣ ಮುದ್ದು."

"ಮುದ್ದು ಮಾಡ್ಲಿ ಅಜ್ಜಿ. ಹೆಗ್ಗಣಾನ ಊರೆಲ್ಲ ಮೆರವಣಿಗೆ ಮಾಡ್ಸಿದ್ರೆ ಹೆಗ್ಗಣಕ್ಕೆ ಹೇಗಿರುತ್ತೆ?"

ಡಬ್ಬಿಯಮ್ಮ ಸುಮ್ಮನೆ ಕೂರುವವಳಲ್ಲ. ಜಾಹೀರಾತು ತಂದುಕೊಡುವ ಏಜೆಂಟ್ ಹೆಂಗಸಿಗೆ ಫೋನು ಮಾಡಿದಳು. ಆಕೆ ಕೇಳಿದ ಕೂಡಲೇ ನಕ್ಕಳು. "ಅಕ್ಕಾ, ಹಳೇದನ್ನ ಯಾಕೆ ಅಳಿಸ್ತೀರಾ? ಅದರ ಮೇಲೆ ಹೊಸದನ್ನ ಹೇರಿ. ಹೆಸರು ಹುಡುಕಿದ್ರೆ ಮೊದಲು ಒಳ್ಳೇದು ಬರ್ಬೇಕು, ಅಷ್ಟೇ. ಎರಡನೇ ಪುಟ ಯಾರು ನೋಡ್ತಾರೆ? ಹೆಸರೂ ಒಂದು ಅಂಗಡಿ ಇದ್ದ ಹಾಗೆ. ಮುಂದೆ ಏನು ಜೋಡಿಸಿಡ್ತೀರೋ ಅದೇ ವ್ಯಾಪಾರ."

ಆ ಮಾತು ಡಬ್ಬಿಯಮ್ಮನಿಗೆ ಹಿಡಿಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೀರುವಿನಿಂದ ಮಗಳ ಸರ್ಟಿಫಿಕೇಟ್ ತೆಗೆದಳು. ಬಾಗಿಲ ಸಂದಿಯಿಂದ ಹಿಂದೆಂದೋ ಹಿಡಿದಿದ್ದ, ಪುಸ್ತಕದ ಮೇಲೆ ತಲೆಯಿಟ್ಟು ಪುಟ್ಟಿ ನಿದ್ದೆಹೋಗಿದ್ದ ವಿಡಿಯೋ ಹುಡುಕಿದಳು. ಎಲ್ಲ ಜೋಡಿಸಿ, ಕ್ಯಾಮೆರಾ ಮುಂದೆ ಕೂತು, "ನನ್ನ ಬೇಡಮ್ಮ ಈಗ ರಕ್ತ ಪರೀಕ್ಷೆ ಮಾಡೋಷ್ಟು ದೊಡ್ಡವಳಾದ್ಲು" ಎನ್ನುವಾಗ ಅವಳ ಕಣ್ಣಲ್ಲಿ ನಿಜವಾದ ನೀರೇ ಬಂತು. ವಿಡಿಯೋ ಹಾಕಿದ ಮಾರನೆಯ ದಿನ ಮಗಳ ಹೆಸರು ಹುಡುಕಿ ನೋಡಿದಳು. ಎಲ್ಲಕ್ಕಿಂತ ಮೇಲೆ ಅದೇ ಇತ್ತು. ಗಂಡನಿಗೆ ತೋರಿಸಿದಳು.

"ಅವಳನ್ನ ಕೇಳಿದ್ಯಾ?"

"ಕೇಳಿದ್ರೆ ಸರ್‌ಪ್ರೈಸ್ ಹೇಗಾಗುತ್ರೀ?"

ಗಂಡ ಚಮಚ ತಟ್ಟೆಯ ಅಂಚಿಗಿಟ್ಟು, ಮಿಕ್ಕ ಊಟ ಬಿಟ್ಟು ಎದ್ದ.

ಪುಟ್ಟಿಗೆ ಅದು ಗೊತ್ತಾದದ್ದು ಒಂದು ಖಾಸಗಿ ಲ್ಯಾಬಿನವರು ಕೆಲಸಕ್ಕೆಂದು ಇಟ್ಟಿದ್ದ ಲಿಖಿತ ಪರೀಕ್ಷೆಯ ಕೋಣೆಯಲ್ಲಿ. ಹಿಂದಿನ ಬೆಂಚಿನವರು ಅವಳನ್ನೂ ಫೋನನ್ನೂ ಒಂದರ ಪಕ್ಕ ಒಂದಿಟ್ಟು ನೋಡುತ್ತಿದ್ದರು. ಬೇಡಮ್ಮ ನಿದ್ದೆಯಲ್ಲಿ ಜೊಲ್ಲು ಸುರಿಸುತ್ತಾಳೆ ಎಂದು ಯಾರೋ ಪಿಸುಗುಟ್ಟಿದರು. ಮನೆಗೆ ಬಂದವಳು ಕೂಗಾಡಲಿಲ್ಲ. ಸಿಂಕಿನಲ್ಲಿ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದಳು. ಒರೆಸಿಕೊಂಡಳು. ಬಂದು ಮೇಜಿನ ಮುಂದೆ ಕೂತಳು. ಬಹಳ ದಿನದ ಮೇಲೆ ಕೂತದ್ದು.

"ಅಮ್ಮ, ಒಂದು ಕೇಳ್ಲಾ? ಆ ಮೊದಲನೇ ವಿಡಿಯೋದಲ್ಲಿ ನಾನು ಬೇಡ ಅಂದಿದ್ದು ಏನನ್ನ?"

"ಇನ್ನೇನು, ಡಬ್ಬೀಲಿದ್ದ ಬೀನ್ಸನ್ನ. ಜಗತ್ತಿಗೇ ಗೊತ್ತು."

"ಬೀನ್ಸ್ ನಂಗೆ ಇಷ್ಟ. ಆಗ್ಲೂ ಇಷ್ಟ ಇತ್ತು."

ಅತ್ತೆ ಅಗಿಯುವುದನ್ನು ನಿಲ್ಲಿಸಿದರು.

"ಯೂನಿಫಾರ್ಮಲ್ಲೇ ಉಚ್ಚೆ ಹೊಯ್ಕೊಂಡಿದ್ದೆ. ಕಾಲೆಲ್ಲ ಒದ್ದೆ. ನೀನು ಬಂದು ಎತ್ಕೋತೀಯ ಅಂದ್ಕೊಂಡೆ. ನೀನು ಫೋನು ಹಿಡ್ಕೊಂಡು ಅಲ್ಲೇ ನಿಂತಿದ್ದೆ. ಫೋನು ಬೇಡ ಅಂದೆ ನಾನು."

ಡಬ್ಬಿಯಮ್ಮನಿಗೆ ಅದು ಗೊತ್ತಿಲ್ಲದ ವಿಷಯವಲ್ಲ. ಚಿತ್ರವನ್ನು ಸೊಂಟದ ಮೇಲಕ್ಕೆ ಕತ್ತರಿಸಿದ್ದು ಅವಳೇ. ಆಮೇಲೆ ಲಂಗ ಬದಲಾಯಿಸಿ, ಕಾಲು ಒರೆಸಿ, ಮುತ್ತು ಕೊಟ್ಟು ಶಾಲೆಗೆ ಕಳಿಸಿದ್ದಳು. ಹದಿನಾಲ್ಕು ವರ್ಷ ಬೀನ್ಸಿನ ಕಥೆ ಹೇಳಿ ಹೇಳಿ ಅವಳಿಗೂ ಬೀನ್ಸೇ ನಿಜವಾಗಿಹೋಗಿತ್ತು.

"ಅಷ್ಟು ಚಿಕ್ಕವಳು. ನಿಂಗೆ ನೆನಪಿರಲ್ಲ ಅಂದ್ಕೊಂಡೆ" ಎಂದಳು.

"ನಾಳೆ ಕಂಪ್ಲೇಂಟ್ ಹಾಕ್ತೀನಿ. ನಾನೀಗ ದೊಡ್ಡವಳು, ನಾನೇ ಹಾಕ್ಬಹುದು."

"ಹೆತ್ತ ತಾಯಿ ಮೇಲೆ?"

"ಚಾನೆಲ್ ಮೇಲೆ."

ಹೇಳಿದಂತೆಯೇ ಮಾಡಿದಳು. ಆ ಹೊಸ ವಿಡಿಯೋ ಮಾಯವಾಯಿತು. ಮುಂದಿನ ಒಂದು ವಾರ ಚಾನೆಲಿಗೆ ಏನೂ ಹಾಕುವಂತಿಲ್ಲ, ಇನ್ನೆರಡು ದೂರು ಬಂದರೆ ಚಾನೆಲೇ ಇರುವುದಿಲ್ಲ ಎಂದು ಡಬ್ಬಿಯಮ್ಮನಿಗೆ ಸಂದೇಶ ಬಂತು. ಅವಳು ಕೆಂಡವಾದಳು. ತಂಗಿಗೆ ಫೋನು ಮಾಡಿ, ಹಾವಿಗೆ ಹಾಲೆರೆದೆ ಎಂದು ಗೋಳಾಡಿದಳು. ಮಗಳ ಜೊತೆ ಮಾತು ಬಿಟ್ಟಳು. ಹೇಳುವುದನ್ನೆಲ್ಲ ಅತ್ತೆಯ ಮೂಲಕ ಹೇಳಿದಳು.

"ಅತ್ತೆ, ಆ ಮಹಾರಾಣಿಗೆ ಹೇಳಿ, ಬಟ್ಟೆ ಒಣಗಿದೆ, ಮಡಿಚಿಡ್ಬೇಕಂತೆ ಅಂತ."

"ಮಹಾರಾಣಿ ನಿನ್ನ ಮುಂದೇನೇ ನಿಂತಿದ್ದಾಳೆ. ನಾನೇನು ಪೋಸ್ಟ್‌ಮ್ಯಾನಾ?"

ವಿಡಿಯೋ ಇಲ್ಲದ್ದರಿಂದ ಅಡುಗೆ ಒಲೆಯಿಂದ ನೇರ ತಟ್ಟೆಗೆ ಬಂತು. ಮೊದಲ ದಿನ ಗಂಡ ಎಂದಿನಂತೆ ದೊಡ್ಡ ಚಮಚ ತುಂಬ ಸೂಪು ಬಾಯಿಗೆ ಸುರಿದುಕೊಂಡು, ಕಣ್ಣರಳಿಸಿ, ಕೈಯಲ್ಲಿ ಗಾಳಿ ಬೀಸಿಕೊಂಡ.

"ಬಿಸಿಯಿದೆ!" ಎಂದ, ಯಾರೋ ಮೋಸ ಮಾಡಿದವರಂತೆ.

ಬಾಲ್ಕನಿಯಿಂದ ನಗು ಕೇಳಿಸಿತು. ಸ್ವಲ್ಪ ಹೊತ್ತಿಗೆ ಪುಟ್ಟಿ ತಟ್ಟೆ ತಂದು ತನ್ನ ಹಳೆಯ ಜಾಗದಲ್ಲಿ ಕೂತಳು. ಅಂದಿನ ಅಡುಗೆ ಬೀನ್ಸ್. ಮಗಳು ಎರಡು ಸಲ ಹಾಕಿಸಿಕೊಂಡದ್ದನ್ನು ಡಬ್ಬಿಯಮ್ಮ ಓರೆಗಣ್ಣಿನಿಂದ ನೋಡಿದಳು.

ಮಾರನೆಯ ಮಧ್ಯಾಹ್ನ, ಕೈಗೆ ಕೆಲಸವಿಲ್ಲದೆ, ಹಳೆಯ ವಿಡಿಯೋಗಳನ್ನು ಮೊದಲಿನಿಂದ ನೋಡಲು ಕೂತಳು. ಇಷ್ಟು ವರ್ಷ ಅವಳು ಅದರಲ್ಲಿ ನೋಡುತ್ತಿದ್ದದ್ದು ಬೆಳಕನ್ನು, ಡಬ್ಬಿಯನ್ನು, ಮಗಳ ಮುಖವನ್ನು. ಅಂದು ಮಾತ್ರ ತನ್ನ ದನಿ ಕೇಳಿಸಿತು. "ಇಲ್ಲಿ ನೋಡು ಪುಟ್ಟಿ. ಇಲ್ಲಿ. ಅಳು ನಿಲ್ಲಿಸ್ಬೇಡ, ಒಂದ್ನಿಮಿಷ." ಇನ್ನೊಂದರಲ್ಲಿ, ಮತ್ತೊಂದರಲ್ಲಿ, ಅದೇ ದನಿ. ಮಗು ಒಂದೊಂದು ವಿಡಿಯೋಗೂ ಒಂದೊಂದು ಬೆರಳು ಎತ್ತರವಾಗುತ್ತಾ ಹೋಗುತ್ತಿತ್ತು. ಹನ್ನೊಂದು ಹನ್ನೆರಡರ ಹೊತ್ತಿಗೆ ಅವಳು ಕ್ಯಾಮೆರಾ ನೋಡುವುದನ್ನೇ ಬಿಟ್ಟಿದ್ದಳು. ಡಬ್ಬಿಯಮ್ಮ ಒಂದನ್ನು ಅಳಿಸಿದಳು. ಆಮೇಲೆ ಅದರ ಮುಂದಿನದನ್ನು.

ಅಳಿಸುವ ಕೆಲಸ ವಾರಗಟ್ಟಲೆ ಹಿಡಿಯಿತು. ಗಂಡನಿಗೆ ಅದನ್ನು ಹೇಳುವಾಗ, "ಈ ಮನೆ ಬಿಡ್ಬೇಕಾಗ್ಬಹುದು ರೀ" ಎಂದಳು.

"ಬಿಟ್ರೆ ಬಿಟ್ವಿ. ಲಿಫ್ಟ್‌ಗಳು ಕೆಡ್ತಾನೇ ಇರ್ತವೆ, ನಾನು ರಿಪೇರಿ ಮಾಡ್ತಾನೇ ಇರ್ತೀನಿ" ಎಂದ ಅವನು.

ತನ್ನದನ್ನು ಅಳಿಸಿದ ಮೇಲೆ ಬೇರೆಯವರ ಬಳಿ ಇರುವುದು ಕಾಣಿಸಿತು. ಗೂಡಿನ ಜೇನು ಊರೆಲ್ಲ ಹಾರಿದ ಹಾಗೆ, ಯಾರ್ಯಾರದೋ ಪುಟಗಳಲ್ಲಿ ಅದೇ ಮುಖ. ಕಂಡ ಕಂಡವರಿಗೆಲ್ಲ ಬರೆದಳು: "ಇದು ನನ್ನ ಮಗಳು, ದಯವಿಟ್ಟು ತೆಗೆಯಿರಿ." ಕೆಲವರು ತೆಗೆದರು. ಕೆಲವರು ಉತ್ತರದ ಬದಲು ಅದೇ ಅಳುಮುಖವನ್ನು ಕಳಿಸಿದರು. ಒಬ್ಬ, "ಹಾಕಿದ್ದೂ ನೀವೇ, ಈಗ ತೆಗಿ ಅನ್ನೋದೂ ನೀವೇನಾ?" ಎಂದು ಕೇಳಿದ. ಡಬ್ಬಿಯಮ್ಮ ತುಂಬ ಹೊತ್ತು ಯೋಚಿಸಿ "ಹೌದು" ಎಂದು ಬರೆದಳು.

ನಿಧಾನಕ್ಕೆ ಮಗಳ ಹೆಸರು ತೆಳುವಾಯಿತು. ಹುಡುಕಿದರೆ ಕಾಲೇಜಿನ ಫಲಿತಾಂಶ ಬರುತ್ತಿತ್ತು, ರಕ್ತದಾನ ಶಿಬಿರದಲ್ಲಿ ಕೆಲಸ ಮಾಡಿದವರ ಹೆಸರು ಬರುತ್ತಿತ್ತು. ಆದರೆ ಚಿತ್ರ ಎಂದು ಒತ್ತಿದರೆ ಎಲ್ಲಕ್ಕಿಂತ ಮುಂದೆ ಬರುವುದು ಬಸ್ ನಿಲ್ದಾಣದ ಎದುರಿನ ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಅದರ ಬೋರ್ಡಿನ ಮೇಲೆ ಬಾಗಿಲಷ್ಟು ಎತ್ತರಕ್ಕೆ ಪುಟ್ಟಿಯ ಅಳುಮುಖ. ಕೆಳಗೆ ಕೆಂಪಕ್ಷರದಲ್ಲಿ, "ಬೇಡಮ್ಮನೂ ಬೇಕಮ್ಮ ಅಂತಾಳೆ, ನಮ್ಮ ಡಬ್ಬಿ!" ಬಸ್ಸಿಗೆ ಕಾಯುವವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆದು ಹಾಕುತ್ತಿದ್ದರು. ಅಂಗಡಿಗೆ ಒಪ್ಪಿಗೆ ಕೊಟ್ಟು ಸಹಿ ಹಾಕಿದ್ದವಳು ಡಬ್ಬಿಯಮ್ಮನೇ. ಆ ಕರಾರು ಮುಗಿಯಲು ಇನ್ನೂ ಎರಡು ವರ್ಷ ಬಾಕಿ ಇತ್ತು.

ಒಂದು ಶನಿವಾರ ಅತ್ತೆಯನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಹೋದಳು. ಮಾಲೀಕ ಬಕೆಟ್ಟುಗಳ ಗೋಪುರದ ಹಿಂದಿನಿಂದ ಎದ್ದು ಬಂದು ಸ್ಟೂಲು ಹಾಕಿದ. ವಿಷಯ ಕೇಳಿ ಪೆಚ್ಚಾದ.

"ಡಬ್ಬಿಯಮ್ಮಾ, ಆ ಮುಖ ನೋಡೇ ಜನ ಒಳಗೆ ಬರೋದು. ಅದನ್ನ ಇಳಿಸಿದ್ರೆ ನಂಗೂ ಪಕ್ಕದ ಅಂಗಡಿಯವನಿಗೂ ಏನು ವ್ಯತ್ಯಾಸ? ಮಾತಂದ್ರೆ ಮಾತಲ್ವಾ?"

"ನನ್ನ ಮುಖ ಹಾಕ್ಕೊಳಪ್ಪ" ಎಂದರು ಅತ್ತೆ, ಶಾಲು ಸರಿಮಾಡಿಕೊಂಡು.

"ಅಜ್ಜೀ, ತಪ್ಪು ತಿಳ್ಕೋಬೇಡಿ. ನಾನು ಮಕ್ಕಳ ಡಬ್ಬಿ ಮಾರ್ಬೇಕು."

"ನಂದು ಹಾಕಿ" ಎಂದಳು ಡಬ್ಬಿಯಮ್ಮ. "ಜನಕ್ಕೆ ನಾನೂ ಗೊತ್ತು. ಶನಿವಾರ ಶನಿವಾರ ಬಂದು ನಿಂತು ಡಬ್ಬಿ ತೋರಿಸ್ತೀನಿ. ಆ ಎರಡು ವರ್ಷಾನೂ ಬರ್ತೀನಿ."

ಮಾಲೀಕ ಗಲ್ಲ ಕೆರೆದುಕೊಂಡ. "ಅಳೋ ಮುಖ ಇದ್ರೇನೇ ಅದು ತಮಾಷೆ. ನಗೋ ಮುಖ ಎಲ್ಲಾ ಅಂಗಡೀಲೂ ಇದೆ."

"ಅಳ್ತೀನಿ."

ಫೋಟೋ ತೆಗೆಯಲು ಮಾಲೀಕನ ಬಾವಮೈದುನ ಬಂದ. ಅಂಗಡಿಯ ಮುಂದೆಯೇ, ಹಗಲು ಬೆಳಕಿನಲ್ಲಿ, ಅವಳ ಮುಂದೊಂದು ತೆರೆದ ಡಬ್ಬಿ ಇಟ್ಟರು. ಬಸ್ಸಿಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಬಂದು ಗುಂಪುಗಟ್ಟಿದರು. ಹದಿನಾಲ್ಕು ವರ್ಷ ಫೋನಿನ ಹಿಂದೆ ನಿಂತು, ಮುಂದೆ ನಿಂತಾಗಲೂ ತನಗೆ ಬೇಕಾದ ಹಾಗೆ ನಿಂತವಳಿಗೆ ಈಗ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಾಯಿ ತೆರೆದಳು, ಹುಬ್ಬು ಗಂಟಿಕ್ಕಿದಳು. "ಆಕಳಿಸಿದ ಹಾಗಿದೆ ಅಕ್ಕಾ" ಎಂದ ಬಾವಮೈದುನ. ಜನ ನಕ್ಕರು. ಇನ್ನೊಮ್ಮೆ ಮಾಡಿದಳು. ಮತ್ತೆ ನಕ್ಕರು. ಅಷ್ಟರಲ್ಲಿ ಗುಂಪಿನಲ್ಲಿದ್ದ ಯಾರೋ ತಮ್ಮ ಫೋನು ಎತ್ತಿ ಹಿಡಿದರು, ಅವರ ಪಕ್ಕದವರೂ ಎತ್ತಿದರು. ಎಲ್ಲಿ ನೋಡಿದರೂ ಫೋನೇ. ಯಾವ ಬಾಯಲ್ಲಿ ಇಳಿಸಿ ಎನ್ನುವುದು? ಅವಳ ಎರಡೂ ಕೈ ತಾವಾಗಿಯೇ ಮುಂದೆ ಬಂದವು, ಮುಖ ಕಿವುಚಿಕೊಂಡಿತು.

"ಹಾಂ! ಬಂತು!" ಎಂದು ಬಾವಮೈದುನ ಕೂಗಿದ.

ಮನೆಗೆ ಹೋಗುವ ಬಸ್ಸು ಇಳಿಯುವಾಗ ಅತ್ತೆ ಸೊಸೆಯ ಭುಜ ಹಿಡಿದುಕೊಂಡರು. ಮೊಣಕಾಲು ಸರಿಯಾದ ಮೇಲೆ ಅವರಿಗೆ ಯಾರ ಆಸರೆಯೂ ಬೇಕಾಗಿರಲಿಲ್ಲ.

ಹತ್ತು ಹನ್ನೆರಡು ದಿನದಲ್ಲಿ ಬೋರ್ಡು ಬದಲಾಯಿತು. ಅಷ್ಟು ಹೊತ್ತಿಗೆ ಪುಟ್ಟಿಗೆ ಊರಾಚೆಯ ಒಂದು ರಕ್ತನಿಧಿಯಲ್ಲಿ ಕೆಲಸ ಸಿಕ್ಕಿತ್ತು. ಇಂಟರ್ವ್ಯೂನಲ್ಲಿ ಅವಳ ಹೆಸರು ಹುಡುಕಿದರೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಸೂಜಿ ಹಿಡಿಯುವ ಬಗೆ ತೋರಿಸು ಎಂದರಂತೆ, ತೋರಿಸಿದಳಂತೆ. ಮನೆಯವರು ಎರಡು ಬೀದಿ ಆಚೆ ಚಿಕ್ಕದೊಂದು ಮನೆ ನೋಡಿ ಮುಂಗಡ ಕೊಟ್ಟಿದ್ದರು. ಚಾನೆಲ್ ಇನ್ನೂ ಇತ್ತು. ಅದರಲ್ಲಿ ಈಗ ಎರಡು ಕೈ, ಒಂದು ಡಬ್ಬಿ, ಆಗಾಗ ಅತ್ತೆಯ ಮಾತು. ನೋಡುವವರು ಕಡಿಮೆಯಾಗಿದ್ದರು.

ಒಂದು ಸಂಜೆ ಪುಟ್ಟಿ ಕೆಲಸದಿಂದ ಬಂದಾಗ ಡಬ್ಬಿಯಮ್ಮ ರಟ್ಟಿನ ಪೆಟ್ಟಿಗೆಗಳಿಗೆ ಪಾತ್ರೆ ತುಂಬುತ್ತಿದ್ದಳು. ಮಗಳು ಚಪ್ಪಲಿ ಬಿಡುತ್ತಾ, "ಬೋರ್ಡ್ ನೋಡ್ದೆ" ಎಂದಳು.

ಡಬ್ಬಿಯಮ್ಮ ಲೋಟಕ್ಕೆ ಪೇಪರು ಸುತ್ತುವುದನ್ನು ನಿಲ್ಲಿಸಲಿಲ್ಲ. "ಹೂಂ."

"ನಿನ್ನ ಮೂಗು ತುಂಬ ದೊಡ್ಡದಾಗಿ ಬಂದಿದೆ."

"ಇರೋದೇ ಅಷ್ಟು."

ಪುಟ್ಟಿ ನೆಲದ ಮೇಲೆ ಕೂತು ತಾನೂ ಒಂದು ಲೋಟ ತೆಗೆದುಕೊಂಡು ಸುತ್ತತೊಡಗಿದಳು. "ನನ್ನ ಜೊತೆ ಬಸ್ಸಲ್ಲಿ ಬರೋಳೊಬ್ಬಳಿದ್ದಾಳೆ, ನಮ್ಮಲ್ಲೇ ಕೆಲಸ ಮಾಡೋಳು. ಅದನ್ನ ತೋರ್ಸಿ, ಆ ಅಳ್ತಾ ಇರೋ ಹೆಂಗಸು ಯಾರು ಗೊತ್ತಾ ಅಂದ್ಲು."

"ನೀನೇನಂದೆ?"

"ನಮ್ಮಮ್ಮ ಅಂದೆ."

ಡಬ್ಬಿಯಮ್ಮನ ಕೈಯಲ್ಲಿದ್ದ ಪೇಪರು ಅಲ್ಲೇ ನಿಂತಿತು. ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು.

"ಅವಳು ನನ್ನ ವಿಷಯ ಏನೂ ಕೇಳ್ಲಿಲ್ವೇನೇ?"

"ಇಲ್ಲ ಅಜ್ಜಿ."

"ಎಂಥ ಜನಾನೋ ಏನೋ" ಎಂದರು ಅತ್ತೆ.

ತಾಯಿ ಮಗಳು ಇಬ್ಬರೂ ತಲೆಯೆತ್ತದೆ ನಗುತ್ತಾ, ಮಿಕ್ಕ ಲೋಟಗಳನ್ನು ಸುತ್ತಿ ಪೆಟ್ಟಿಗೆ ತುಂಬಿದರು.